ಮೂರು ಕರಾರು, ಒಂದೇ ವ್ಯಾಜ್ಯ: ಆರ್ಬಿಟ್ರೇಷನ್ ಮೊದಲೋ, ಮಧ್ಯಸ್ಥಿಕೆ ಮೊದಲೋ?

ಪ್ರಶ್ನೆ (ಯಂತ್ರೋಪಕರಣ ಸಂಸ್ಥೆಯೊಂದರ ಹಣಕಾಸು ಮುಖ್ಯಸ್ಥರು):
ನಮ್ಮ ಸಂಸ್ಥೆಯು ವಿದ್ಯುತ್ ಸ್ಥಾವರವೊಂದಕ್ಕೆ ನಿಯಂತ್ರಣ ವ್ಯವಸ್ಥೆಯನ್ನು ಪೂರೈಸಿ ಅಳವಡಿಸಿಕೊಡುವ ಗುತ್ತಿಗೆ ಪಡೆದಿತ್ತು. ಕೆಲಸ ಒಂದು ವರ್ಷಕ್ಕೂ ಮೀರಿ ತಡವಾಯಿತು. ತಡಕ್ಕೆ ನಾವೇ ಹೊಣೆ ಎಂದು ಹೇಳಿ ಸ್ಥಾವರದ ಮಾಲೀಕರು ಕೊನೆಯ ಕಂತುಗಳನ್ನು ತಡೆಹಿಡಿದಿದ್ದಾರೆ. ನಾವು ಕೊಟ್ಟಿರುವ ಬ್ಯಾಂಕ್ ಖಾತರಿಯನ್ನು ನಗದೀಕರಿಸುವುದಾಗಿಯೂ ಎಚ್ಚರಿಸಿದ್ದಾರೆ. ವಿನ್ಯಾಸದ ನಕ್ಷೆಗಳನ್ನು ಅವರೇ ತಡವಾಗಿ ಕೊಟ್ಟರು, ತಂತ್ರಾಂಶದ ಉಪಗುತ್ತಿಗೆದಾರರೂ ಭಾಗಶಃ ಕಾರಣ ಎಂಬುದು ನಮ್ಮ ನಿಲುವು. ಮುಖ್ಯ ಕರಾರಿನಲ್ಲಿ ಮೊದಲು ಹಿರಿಯ ಅಧಿಕಾರಿಗಳ ಮಾತುಕತೆ, 30 ದಿನಗಳಲ್ಲಿ ಬಗೆಹರಿಯದಿದ್ದರೆ ಮಧ್ಯಸ್ಥಿಕೆ (ತಟಸ್ಥ ವ್ಯಕ್ತಿಯ ನೆರವಿನಿಂದ ರಾಜಿ ಮಾತುಕತೆ), ಆನಂತರ ಲಂಡನ್ ಸೀಟ್ (ಕಾನೂನಿನ ದೃಷ್ಟಿಯ ನೆಲೆ) ಆಗಿರುವ ಆರ್ಬಿಟ್ರೇಷನ್ (ಪಕ್ಷಗಾರರು ಒಪ್ಪಿಕೊಂಡ ಖಾಸಗಿ ತೀರ್ಪುಗಾರರ ವಿಚಾರಣೆ) ಎಂದಿದೆ. ಉಪಗುತ್ತಿಗೆಯಲ್ಲಿ ಬೇರೊಂದು ಸಂಸ್ಥೆಯ ನಿಯಮಗಳಡಿ ಸಿಂಗಪುರದ ಆರ್ಬಿಟ್ರೇಷನ್. ಮಾಲೀಕರ ಮಾತೃಸಂಸ್ಥೆ ನಮಗೆ ಕೊಟ್ಟ ಪಾವತಿ ಖಾತರಿಯಲ್ಲಿ ನ್ಯಾಯಾಲಯದ ವ್ಯಾಪ್ತಿ. ಎರಡನೇ ಹಂತದ ಕೆಲಸದ ಮಾತೂ ನಡೆಯುತ್ತಿರುವುದರಿಂದ ಸಂಬಂಧ ಕೆಡಿಸಿಕೊಳ್ಳಲು ಮನಸ್ಸಿಲ್ಲ. ನಾವು ಯಾವ ದಾರಿಯನ್ನು ಆರಿಸಬೇಕು?

ಉತ್ತರ:
ದಾರಿ ಆರಿಸುವ ಮೊದಲು, ಯಾರು ಯಾರೊಂದಿಗೆ ಏನನ್ನು ಒಪ್ಪಿದ್ದಾರೆ ಎಂಬುದನ್ನು ಮೂರೂ ದಾಖಲೆಗಳಿಂದ ತೆಗೆದು ಒಂದೇ ಹಾಳೆಯ ಮೇಲೆ ಬರೆದುಕೊಳ್ಳಿ. ಆರ್ಬಿಟ್ರೇಷನ್‌ನ ಬಲವೂ ಮಿತಿಯೂ ಇರುವುದು ಸಮ್ಮತಿಯಲ್ಲಿ. ಸಹಿ ಮಾಡಿದವರನ್ನು ಅದು ಗಟ್ಟಿಯಾಗಿ ಹಿಡಿಯುತ್ತದೆ, ಸಹಿ ಮಾಡದವರನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನಿಮ್ಮ ವ್ಯಾಜ್ಯ ಒಂದೇ ಆದರೂ ಅದಕ್ಕೆ ಮೂರು ಬಾಗಿಲುಗಳಿವೆ. ಒಂದೇ ಸಂಸ್ಥೆಯ ನಿಯಮಗಳಡಿ, ಪರಸ್ಪರ ಹೊಂದುವ ಕಲಂಗಳಿದ್ದರೆ ಪ್ರಕರಣಗಳನ್ನು ಒಗ್ಗೂಡಿಸಲು ಅವಕಾಶವಿರುತ್ತದೆ. ಸಂಸ್ಥೆಯೂ ಸೀಟೂ ಬೇರೆಯಾಗಿರುವಾಗ ಎಲ್ಲರೂ ಹೊಸದಾಗಿ ಒಪ್ಪದ ಹೊರತು ಅದು ಬಹುಮಟ್ಟಿಗೆ ಆಗದ ಮಾತು. ಇದರ ಪರಿಣಾಮ ನಿಮಗೆ ಕಹಿಯಾಗಬಹುದು: ತಡಕ್ಕೆ ಗುತ್ತಿಗೆದಾರರೇ ಕಾರಣ ಎಂದು ಲಂಡನ್ನಿನ ನ್ಯಾಯಮಂಡಳಿ ಹೇಳಿ, ಉಪಗುತ್ತಿಗೆದಾರರದು ತಪ್ಪಿಲ್ಲ ಎಂದು ಸಿಂಗಪುರದ ಮಂಡಳಿ ಹೇಳಿದರೆ ನಡುವೆ ಸಿಕ್ಕಿಬೀಳುವವರು ನೀವು. ಒಂದು ಮಂಡಳಿಯ ಐತೀರ್ಪು (ಆರ್ಬಿಟ್ರೇಟರ್‌ಗಳು ಕೊಡುವ ತೀರ್ಪು) ಇನ್ನೊಂದನ್ನು ಕಟ್ಟಿಹಾಕುವುದಿಲ್ಲ.

ಹಲವರನ್ನು ಒಂದೇ ಪ್ರಕರಣಕ್ಕೆ ಎಳೆದಾಗಲೂ ತೊಡಕು ತಪ್ಪುವುದಿಲ್ಲ. ಸಿಮೆಂಟ್ ಕಾರ್ಖಾನೆ ನಿರ್ಮಾಣದ ಒಕ್ಕೂಟವೊಂದರ ವ್ಯಾಜ್ಯದಲ್ಲಿ ಇಬ್ಬರು ಪ್ರತಿವಾದಿಗಳು ಸೇರಿ ಒಬ್ಬನೇ ಆರ್ಬಿಟ್ರೇಟರ್‌ನನ್ನು ಹೆಸರಿಸುವಂತಾಯಿತು; ಅವರಿಬ್ಬರ ಹಿತಾಸಕ್ತಿ ಮಾತ್ರ ಒಂದೇ ಆಗಿರಲಿಲ್ಲ. ಡಟ್ಕೊ ಪ್ರಕರಣ ಎಂದು ಹೆಸರಾದ ಇದರಲ್ಲಿ ಫ್ರಾನ್ಸಿನ ಸರ್ವೋನ್ನತ ನ್ಯಾಯಾಲಯ 1992ರಲ್ಲಿ, ಮಂಡಳಿಯನ್ನು ರಚಿಸುವಲ್ಲಿ ಪಕ್ಷಗಾರರಿಗಿರುವ ಸಮಾನತೆಯನ್ನು ವ್ಯಾಜ್ಯ ಹುಟ್ಟುವ ಮುನ್ನವೇ ಬಿಟ್ಟುಕೊಡಲಾಗದು ಎಂದು ತೀರ್ಮಾನಿಸಿತು. ಆನಂತರ ಆರ್ಬಿಟ್ರೇಷನ್ ನಡೆಸಿಕೊಡುವ ಸಂಸ್ಥೆಯಾದ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯು (ಐಸಿಸಿ) ತನ್ನ 1998ರ ನಿಯಮಗಳಲ್ಲಿ, ಒಂದೇ ಕಡೆಯ ಹಲವು ಪಕ್ಷಗಾರರು ಒಮ್ಮತಕ್ಕೆ ಬಾರದಿದ್ದರೆ ಮೂವರು ಆರ್ಬಿಟ್ರೇಟರ್‌ಗಳನ್ನೂ ಸಂಸ್ಥೆಯೇ ನೇಮಿಸಬಹುದೆಂಬ ಏರ್ಪಾಡು ಮಾಡಿತು.

ಮಧ್ಯಸ್ಥಿಕೆಗೆ ಈ ಅಡ್ಡಿಗಳಿಲ್ಲ. ಮಾಲೀಕರು, ಮಾತೃಸಂಸ್ಥೆ, ಉಪಗುತ್ತಿಗೆದಾರರು, ಬೇಕಿದ್ದರೆ ವಿಮಾ ಸಂಸ್ಥೆಯೂ ಒಂದೇ ಮೇಜಿಗೆ ಬರಬಹುದು. ಎರಡನೇ ಹಂತದ ಕೆಲಸವನ್ನೂ ಇತ್ಯರ್ಥದ ಭಾಗವಾಗಿಸಬಹುದು. ಅದನ್ನು ಯಾವ ಆರ್ಬಿಟ್ರೇಟರ್ ಕೂಡ ಕೊಡಿಸಲಾರರು. ಆದರೂ ಮಧ್ಯಸ್ಥಿಕೆಯನ್ನಷ್ಟೇ ನಂಬಿ ಕುಳಿತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಹಣ ಯಾರ ಕೈಯಲ್ಲಿದೆಯೋ ಅವರಿಗೆ ಕಾಲ ಕಳೆಯುವುದರಲ್ಲಿ ನಷ್ಟವಿಲ್ಲ, ಮತ್ತು ಇಲ್ಲಿ ಹಣ ಇರುವುದು ಮಾಲೀಕರ ಕೈಯಲ್ಲಿ. ಆರ್ಬಿಟ್ರೇಷನ್ ಆರಂಭವಾಗಿ ದಿನಾಂಕಗಳು ನಿಗದಿಯಾದಾಗ ಮಾತ್ರ ಎಷ್ಟೋ ಮಧ್ಯಸ್ಥಿಕೆಗಳಿಗೆ ಜೀವ ಬರುತ್ತದೆ.

ಹಾಗೆಂದು ಮೆಟ್ಟಿಲುಗಳನ್ನು ಹಾರಿ ಹೋಗಬೇಡಿ. ಕಾಲಮಿತಿ ಹಾಕಿದ ಸೌಹಾರ್ದ ಮಾತುಕತೆಯ ಷರತ್ತು ಜಾರಿಗೆ ಯೋಗ್ಯವಾದದ್ದು ಎಂದು ಇಂಗ್ಲೆಂಡಿನ ಹೈಕೋರ್ಟ್ 2014ರಲ್ಲಿ ಹೇಳಿತು. ಸಿಂಗಪುರದ ಮೇಲ್ಮನವಿ ನ್ಯಾಯಾಲಯ 2013ರಲ್ಲಿ, ಇಂಥ ಮೆಟ್ಟಿಲುಗಳನ್ನು ಪಾಲಿಸದಿದ್ದರೆ ಮಂಡಳಿಗೆ ಅಧಿಕಾರವೇ ಇರದು ಎಂಬ ನಿಲುವು ತಳೆಯಿತು. 2021ರಲ್ಲಿ ಇಂಗ್ಲೆಂಡ್, 2023ರಲ್ಲಿ ಹಾಂಗ್‌ಕಾಂಗ್‌ನ ಅಂತಿಮ ಮೇಲ್ಮನವಿ ನ್ಯಾಯಾಲಯ, ಇದು ಅಧಿಕಾರದ ಪ್ರಶ್ನೆಯಲ್ಲ, ಹಕ್ಕೊತ್ತಾಯವನ್ನು ಈಗ ಸ್ವೀಕರಿಸಬಹುದೇ ಎಂಬ ಪ್ರಶ್ನೆ ಮಾತ್ರ, ಅದನ್ನು ಮಂಡಳಿಯೇ ನಿರ್ಧರಿಸಬೇಕು ಎಂಬ ದಿಕ್ಕಿಗೆ ಬಂದವು. ಈ ಭಿನ್ನಮತದ ನಡುವೆ ನೀವು ಮಾಡಬೇಕಾದದ್ದು ಸರಳ: ಮಾತುಕತೆಗೆ ಲಿಖಿತ ಆಹ್ವಾನ ಕಳುಹಿಸಿ, ಯಾರು ಯಾವ ದಿನ ಸೇರಿದರು ಎಂಬುದನ್ನು ದಾಖಲಿಸಿ, 30 ದಿನ ಮುಗಿದ ಕೂಡಲೇ ಮಧ್ಯಸ್ಥಿಕೆಗೆ ನೋಟಿಸ್ ಕೊಡಿ. ಮಾತುಕತೆ ನಡೆಯುತ್ತಿದೆ ಎಂಬ ಕಾರಣಕ್ಕೆ ದಾವೆಯ ಕಾಲಮಿತಿ ತಾನಾಗಿ ನಿಲ್ಲುತ್ತದೆಂದು ಭಾವಿಸಬೇಡಿ. ಜರ್ಮನಿಯ ನಾಗರಿಕ ಸಂಹಿತೆಯ 203ನೇ ಕಲಂನಂತೆ ಹಾಗೆ ನಿಲ್ಲಿಸುವ ಕಾನೂನುಗಳೂ ಇವೆ, ಆದರೆ ಎಲ್ಲೆಡೆ ಇಲ್ಲ. ಕಾಲಮಿತಿಯನ್ನು ತಡೆಹಿಡಿಯುವ ಪ್ರತ್ಯೇಕ ಒಪ್ಪಂದಕ್ಕೆ ಮೊದಲ ಸಭೆಯಲ್ಲೇ ಸಹಿ ಪಡೆಯಿರಿ.

ಮರುಪ್ರಶ್ನೆ (ಅದೇ ಸದಸ್ಯರು):
ಖಾತರಿಯನ್ನು ಅವರು ನಾಳೆಯೇ ನಗದೀಕರಿಸಿದರೆ? ಮಂಡಳಿ ರಚನೆಯಾಗುವವರೆಗೆ ಕಾಯಬೇಕೇ?

ಉತ್ತರ:
ಕಾಯಬೇಕಿಲ್ಲ. ಮಂಡಳಿ ರಚನೆಗೆ ಮುನ್ನ ತುರ್ತು ಆರ್ಬಿಟ್ರೇಟರ್‌ನನ್ನು ನೇಮಿಸುವ ವ್ಯವಸ್ಥೆ ಈಗ ಪ್ರಮುಖ ಸಂಸ್ಥೆಗಳ ನಿಯಮಗಳಲ್ಲಿದೆ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ಅದನ್ನು 2012ರಲ್ಲಿ ತಂದಿತು; ಅಲ್ಲಿ ಕಡತ ಕೈಸೇರಿದ 15 ದಿನಗಳೊಳಗೆ ಆದೇಶ ಹೊರಡಬೇಕು. ಆದರೆ ಬ್ಯಾಂಕ್ ನಿಮ್ಮ ಆರ್ಬಿಟ್ರೇಷನ್ ಒಪ್ಪಂದದ ಪಕ್ಷಗಾರನಲ್ಲ. ಮಾಲೀಕರಿಗೆ ‘ಬೇಡಿಕೆ ಸಲ್ಲಿಸಬೇಡಿ’ ಎಂದು ಆದೇಶಿಸಬಹುದೇ ಹೊರತು ಬ್ಯಾಂಕಿಗೆ ‘ಪಾವತಿಸಬೇಡ’ ಎಂದು ಹೇಳುವ ಅಧಿಕಾರ ತುರ್ತು ಆರ್ಬಿಟ್ರೇಟರ್‌ಗಿಲ್ಲ. ಬ್ಯಾಂಕನ್ನು ತಡೆಯಬೇಕಾದರೆ ನ್ಯಾಯಾಲಯವೇ ಬೇಕು. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗವು 1985ರಲ್ಲಿ ರೂಪಿಸಿದ ಮಾದರಿ ಕಾನೂನಿನ 9ನೇ ವಿಧಿಯ ಪ್ರಕಾರ, ಮಧ್ಯಂತರ ರಕ್ಷಣೆಗೆ ನ್ಯಾಯಾಲಯಕ್ಕೆ ಹೋಗುವುದು ಆರ್ಬಿಟ್ರೇಷನ್ ಒಪ್ಪಂದಕ್ಕೆ ವಿರುದ್ಧವಲ್ಲ. ಬೇಡಿಕೆಯ ಮೇಲೆ ಪಾವತಿಸಬೇಕಾದ ಖಾತರಿಗಳ ವಿಷಯದಲ್ಲಿ ಮಾತ್ರ ನ್ಯಾಯಾಲಯಗಳು ಬಹಳ ಬಿಗಿ. ವಂಚನೆ ಎದ್ದು ಕಾಣದ ಹೊರತು ತಡೆಯಾಜ್ಞೆ ಸಿಗುವುದು ಕಷ್ಟ. ಆದ್ದರಿಂದ ಹಿರಿಯ ಅಧಿಕಾರಿಗಳ ಮೊದಲ ಸಭೆಯ ಮೊದಲ ಬೇಡಿಕೆ ಇದೇ ಆಗಿರಲಿ: ಮಧ್ಯಸ್ಥಿಕೆ ಮುಗಿಯುವವರೆಗೆ ಅವರು ಖಾತರಿಯನ್ನು ಮುಟ್ಟಬಾರದು, ಪ್ರತಿಯಾಗಿ ನೀವು ಅದರ ಅವಧಿಯನ್ನು ವಿಸ್ತರಿಸಿ ಕೊಡುತ್ತೀರಿ. ಅವಧಿ ಮುಗಿಯುತ್ತಿದೆ ಎಂಬ ಒಂದೇ ಆತಂಕದಿಂದ ನಗದೀಕರಣಕ್ಕೆ ಇಳಿಯುವವರು ಬಹಳ ಮಂದಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಸಂಸ್ಥೆಯೊಂದರ ಒಳ ಕಾನೂನು ಸಲಹೆಗಾರರು):
ಮಧ್ಯಸ್ಥಿಕೆಯಲ್ಲಿ ನಾವು ಒಪ್ಪಿಕೊಂಡ ಮಾತನ್ನು ಮುಂದೆ ಆರ್ಬಿಟ್ರೇಷನ್‌ನಲ್ಲಿ ನಮ್ಮ ವಿರುದ್ಧವೇ ಬಳಸುವುದಿಲ್ಲವೇ? ಮತ್ತು ಇಂಥ ತಾಂತ್ರಿಕ ವ್ಯಾಜ್ಯದಲ್ಲಿ ಮಧ್ಯಸ್ಥಿಕೆಗೆ ಸರಿಯಾದ ಹೊತ್ತು ಯಾವುದು?

ಉತ್ತರ:
ಮೊದಲನೆಯದಕ್ಕೆ ಚುಟುಕಾಗಿ ಹೇಳುತ್ತೇನೆ. ವಿಶ್ವಸಂಸ್ಥೆಯ ಅದೇ ಆಯೋಗದ 2018ರ ಮಧ್ಯಸ್ಥಿಕೆ ಮಾದರಿ ಕಾನೂನು, ಮಧ್ಯಸ್ಥಿಕೆಯಲ್ಲಿ ಮಾಡಿದ ಸಲಹೆ, ಒಪ್ಪಿಗೆ, ಪ್ರಸ್ತಾಪಗಳನ್ನು ಮುಂದಿನ ನಡವಳಿಯಲ್ಲಿ ಸಾಕ್ಷ್ಯವಾಗಿ ಬಳಸಬಾರದು ಎನ್ನುತ್ತದೆ. ಮಧ್ಯಸ್ಥಿಕೆಯ ಒಪ್ಪಂದದಲ್ಲೂ ಇದನ್ನು ಬರೆಸಿಕೊಳ್ಳಬೇಕು. ಆದರೆ ಮೊದಲೇ ಅಸ್ತಿತ್ವದಲ್ಲಿದ್ದ ದಾಖಲೆಯೊಂದು ಮಧ್ಯಸ್ಥಿಕೆಯ ಮೇಜಿಗೆ ಬಂದ ಮಾತ್ರಕ್ಕೆ ರಕ್ಷಿತವಾಗುವುದಿಲ್ಲ. ನಿಮ್ಮ ಎಂಜಿನಿಯರ್ ಹಿಂದೆ ಬರೆದ ಇಮೇಲ್ ನಾಳೆಯೂ ಇಮೇಲೇ.

ಎರಡನೆಯದಕ್ಕೆ ಹೆಚ್ಚು ಹೇಳಬೇಕು, ಏಕೆಂದರೆ ದೊಡ್ಡ ವ್ಯಾಜ್ಯಗಳು ಮಧ್ಯಸ್ಥಿಕೆಯಲ್ಲಿ ಕೈಜಾರುವುದು ಬಹುತೇಕ ಹೊತ್ತಿನ ಆಯ್ಕೆಯಲ್ಲೇ. ತೀರಾ ಬೇಗ ಕೂತರೆ ಯಾರಿಗೂ ತಮ್ಮ ಪ್ರಕರಣದ ದೌರ್ಬಲ್ಯ ಗೊತ್ತಿರುವುದಿಲ್ಲ, ಇಬ್ಬರೂ ತಮ್ಮ ವಕೀಲರ ಮೊದಲ ಪತ್ರದಷ್ಟೇ ಆತ್ಮವಿಶ್ವಾಸದಲ್ಲಿರುತ್ತಾರೆ. ತೀರಾ ತಡವಾದರೆ ಖರ್ಚಾದ ಶುಲ್ಕವೇ ಇತ್ಯರ್ಥಕ್ಕೆ ಅಡ್ಡಿಯಾಗುತ್ತದೆ. ಖರ್ಚನ್ನಾದರೂ ವಸೂಲು ಮಾಡದೆ ಬಿಡುವುದು ಹೇಗೆ ಎಂಬ ಹಟ ಬೆಳೆಯುತ್ತದೆ. ನನ್ನ ಅಂದಾಜಿನಲ್ಲಿ ಎರಡು ಹೊತ್ತುಗಳು ಒಳ್ಳೆಯವು: ಇಬ್ಬರ ವಾದಪತ್ರಗಳೂ ವಿನಿಮಯವಾದ ಕೂಡಲೇ, ಇಲ್ಲವೇ ಪರಿಣತರ ವರದಿಗಳು ಬಂದು ಅಂತಿಮ ವಿಚಾರಣೆಗೆ ಮುನ್ನ. ತಡಕ್ಕೆ ಸಂಬಂಧಿಸಿದ ವ್ಯಾಜ್ಯಗಳಲ್ಲಿ, ಯಾವ ಕಾರಣದಿಂದ ಎಷ್ಟು ದಿನ ಹೋಯಿತು ಎಂಬ ಲೆಕ್ಕವನ್ನು ಇಬ್ಬರ ಪರಿಣತರೂ ಒಂದೇ ವೇಳಾಪಟ್ಟಿಯ ಮೇಲೆ ಕೂತು ಮಾಡಿದರೆ ಅರ್ಧ ಜಗಳ ಅಲ್ಲೇ ಕರಗುತ್ತದೆ. ಅವರು ಒಪ್ಪದ ಅಂಶಗಳನ್ನಷ್ಟೇ ಒಬ್ಬ ತಟಸ್ಥ ಪರಿಣತನ ಮುಂದಿಟ್ಟು, ಬಂಧಕವಲ್ಲದ ಅಭಿಪ್ರಾಯ ಪಡೆದು, ಆಮೇಲೆ ಹಣದ ಮಾತಿಗೆ ಬರಬಹುದು.

ಮಧ್ಯಸ್ಥಗಾರ ಒಂದೊಂದು ಪಕ್ಷವನ್ನು ಬೇರೆ ಬೇರೆಯಾಗಿ ಭೇಟಿಯಾದಾಗ ಕೇಳುವ ಕಠಿಣ ಪ್ರಶ್ನೆ ಎಂದರೆ, ಗೆದ್ದರೆ ಕೈಗೆ ಬರುವುದೆಷ್ಟು, ಸೋತರೆ ಹೋಗುವುದೆಷ್ಟು, ಗೆಲ್ಲುವ ಸಂಭವವೆಷ್ಟು ಎಂಬುದು. ಈ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಹೋಗಿ. ಸೋತ ಪಕ್ಷ ಗೆದ್ದವರ ವೆಚ್ಚವನ್ನೂ ಭರಿಸಬೇಕಾಗಬಹುದು, ಬಡ್ಡಿ ಓಡುತ್ತಿರುತ್ತದೆ, ವ್ಯವಸ್ಥಾಪಕರ ಸಮಯವನ್ನು ಯಾರೂ ತುಂಬಿಕೊಡುವುದಿಲ್ಲ. ಇತ್ಯರ್ಥದ ಮೊತ್ತಕ್ಕೆ ಒಪ್ಪುವ ಅಧಿಕಾರವಿರುವವರು ಕೋಣೆಯಲ್ಲೇ ಇರಬೇಕು. ‘ನಿರ್ದೇಶಕ ಮಂಡಳಿಯನ್ನು ಕೇಳಿ ಹೇಳುತ್ತೇವೆ’ ಎನ್ನುವ ಪ್ರತಿನಿಧಿಯನ್ನು ಕಳುಹಿಸಿದರೆ ಆ ದಿನ ವ್ಯರ್ಥ.

ಪ್ರಶ್ನೆ (ಲೆಕ್ಕಪರಿಶೋಧಕರು):
ಖರ್ಚು ಉಳಿಸಲು ಒಬ್ಬರೇ ಮೊದಲು ಮಧ್ಯಸ್ಥಗಾರರಾಗಿ, ಆಮೇಲೆ ಆರ್ಬಿಟ್ರೇಟರ್ ಆಗಬಾರದೇ?

ಉತ್ತರ:
ಕೆಲವು ಕಾನೂನು ಸಂಪ್ರದಾಯಗಳಲ್ಲಿ ಇದು ರೂಢಿ, ಕೆಲವೆಡೆ ಅನುಮಾನದ ವಿಷಯ. ಖಾಸಗಿ ಮಾತಿನಲ್ಲಿ ಒಂದು ಪಕ್ಷ ಹೇಳಿಕೊಂಡ ಗುಟ್ಟನ್ನು ಎದುರು ಪಕ್ಷ ಕೇಳಿರುವುದಿಲ್ಲ, ಅದಕ್ಕೆ ಉತ್ತರಿಸಿಯೂ ಇರುವುದಿಲ್ಲ. ಅದೇ ವ್ಯಕ್ತಿ ಆಮೇಲೆ ತೀರ್ಪುಗಾರನಾಗುತ್ತಾನೆ. ಚೀನಾದ ಷಿಯಾನ್ ನಗರದ ಆರ್ಬಿಟ್ರೇಷನ್ ಒಂದರಲ್ಲಿ ಮಂಡಳಿಯ ಕಡೆಯವರು ಹೋಟೆಲ್ ಭೋಜನದ ವೇಳೆ ಇತ್ಯರ್ಥದ ಮೊತ್ತವನ್ನು ಸೂಚಿಸಿದ್ದರು. 2011ರಲ್ಲಿ ಹಾಂಗ್‌ಕಾಂಗ್‌ನ ಮೊದಲ ಹಂತದ ನ್ಯಾಯಾಲಯ, ಪಕ್ಷಪಾತದ ಶಂಕೆ ಕಾಣುತ್ತದೆಂದು ಆ ಐತೀರ್ಪಿನ ಜಾರಿಗೆ ನಿರಾಕರಿಸಿತು. ಅದೇ ವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿ ಜಾರಿಗೆ ಅನುಮತಿ ಕೊಟ್ಟಿತು. ಕೊನೆಗೆ ಜಾರಿಯಾಯಿತು ನಿಜ, ಆದರೆ ಉಳಿಸಲು ಹೊರಟ ಖರ್ಚು ಎಲ್ಲಿಗೆ ಹೋಯಿತು ಎಂಬುದನ್ನು ನಿಮ್ಮಂಥ ಲೆಕ್ಕಪರಿಶೋಧಕರೇ ಹೇಳಬೇಕು.

ನಾನು ಮೆಚ್ಚುವ ಏರ್ಪಾಡು ಬೇರೆ. ಆರ್ಬಿಟ್ರೇಷನ್ ಆರಂಭಿಸಿ, ಮಂಡಳಿ ರಚಿಸಿ, ನಡವಳಿಯನ್ನು ತಡೆಹಿಡಿದು, ಬೇರೊಬ್ಬ ಮಧ್ಯಸ್ಥಗಾರರ ಬಳಿಗೆ ಹೋಗುವುದು. ಸಿಂಗಪುರದ ಆರ್ಬಿಟ್ರೇಷನ್ ಕೇಂದ್ರ ಮತ್ತು ಮಧ್ಯಸ್ಥಿಕೆ ಕೇಂದ್ರಗಳು 2014ರಿಂದ ನಡೆಸುತ್ತಿರುವ ಜಂಟಿ ವಿಧಾನದಲ್ಲಿ ಮಧ್ಯಸ್ಥಿಕೆಗೆ 8 ವಾರಗಳ ಅವಧಿಯಿದೆ. ಇತ್ಯರ್ಥವಾದರೆ ಮಂಡಳಿಯೇ ಅದನ್ನು ಸಮ್ಮತಿಯ ಐತೀರ್ಪಾಗಿ ದಾಖಲಿಸುತ್ತದೆ. ಇಲ್ಲದಿದ್ದರೆ ನಡವಳಿ ನಿಂತಲ್ಲಿಂದ ಮುಂದುವರಿಯುತ್ತದೆ.

ಪ್ರಶ್ನೆ (ನಿರ್ಮಾಣ ಎಂಜಿನಿಯರ್):
ನಮ್ಮ ಕರಾರು ಫಿಡಿಕ್ (ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ) ಮಾದರಿಯದು. ವ್ಯಾಜ್ಯ ಮಂಡಳಿ 84 ದಿನಗಳೊಳಗೆ ನಿರ್ಧಾರ ಕೊಟ್ಟಿದೆ, ನಮಗೆ ಅದು ಒಪ್ಪಿಗೆಯಿಲ್ಲ. ನೇರವಾಗಿ ಆರ್ಬಿಟ್ರೇಷನ್‌ಗೆ ಹೋಗಬಹುದೇ?

ಉತ್ತರ:
ಅದಕ್ಕೂ ಮೊದಲು ಅತೃಪ್ತಿಯ ನೋಟಿಸನ್ನು 28 ದಿನಗಳೊಳಗೆ ಕೊಡಿ. ಆ ಗಡುವು ತಪ್ಪಿದರೆ ನಿರ್ಧಾರ ಅಂತಿಮವಾಗುತ್ತದೆ, ಆಮೇಲೆ ಎಷ್ಟು ಒಳ್ಳೆಯ ವಾದವಿದ್ದರೂ ಉಪಯೋಗವಿಲ್ಲ. ನೋಟಿಸ್ ಕೊಟ್ಟ ಬಳಿಕವೂ ನಿರ್ಧಾರವನ್ನು ಸದ್ಯಕ್ಕೆ ಪಾಲಿಸಲೇಬೇಕು. ಸೌಹಾರ್ದ ಇತ್ಯರ್ಥದ ಅವಧಿ 1999ರ ಆವೃತ್ತಿಯಲ್ಲಿ 56 ದಿನ, 2017ರದರಲ್ಲಿ 28 ದಿನ. ನಿಮ್ಮದು ಯಾವುದೆಂದು ನೋಡಿಕೊಳ್ಳಿ.

ಮರುಪ್ರಶ್ನೆ (ಮೊದಲ ಸದಸ್ಯರು):
ಕೊನೆಯದಾಗಿ, ಮಾಲೀಕರ ಆಸ್ತಿ ನಾಲ್ಕು ದೇಶಗಳಲ್ಲಿ ಹರಡಿದೆ. ಐತೀರ್ಪಾಗಲಿ, ಇತ್ಯರ್ಥವಾಗಲಿ, ಕಾಗದದ ಮೇಲೆಯೇ ಉಳಿದರೆ?

ಉತ್ತರ:
ಈ ಪ್ರಶ್ನೆಯನ್ನು ಕರಾರಿಗೆ ಸಹಿ ಹಾಕುವಾಗಲೇ ಕೇಳಬೇಕಿತ್ತು ಎನ್ನಬಹುದು, ಆದರೆ ಯಾರೂ ಕೇಳುವುದಿಲ್ಲ. ಐತೀರ್ಪಿಗೆ 1958ರ ನ್ಯೂಯಾರ್ಕ್ ಒಡಂಬಡಿಕೆಯ ಬೆಂಬಲವಿದೆ. 170ಕ್ಕೂ ಹೆಚ್ಚು ರಾಷ್ಟ್ರಗಳು ಅದರಲ್ಲಿವೆ. ಜಾರಿಗೆ ಕೇಳಿದ ನ್ಯಾಯಾಲಯ ವ್ಯಾಜ್ಯದ ಗುಣದೋಷಗಳನ್ನು ಮತ್ತೆ ಕೆದಕುವಂತಿಲ್ಲ. ಒಪ್ಪಂದವೇ ಅಸಿಂಧು, ಪಕ್ಷಗಾರನಿಗೆ ವಾದ ಮಂಡಿಸಲು ಅವಕಾಶ ಸಿಗಲಿಲ್ಲ, ಮಂಡಳಿ ವ್ಯಾಪ್ತಿ ಮೀರಿತು, ಸಾರ್ವಜನಿಕ ನೀತಿಗೆ ವಿರುದ್ಧ ಎಂಬಂಥ ಕೆಲವೇ ಕಾರಣಗಳಿಗೆ ನಿರಾಕರಿಸಬಹುದು. ಆದರೂ ದೇಶದಿಂದ ದೇಶಕ್ಕೆ ಫಲ ಬೇರೆಯಾಗಬಹುದು. ಡಲ್ಲಾ ಪ್ರಕರಣದಲ್ಲಿ, ಪ್ಯಾರಿಸ್‌ನಲ್ಲಿ ಹೊರಟ ಐತೀರ್ಪನ್ನು ಕರಾರಿಗೆ ಸಹಿ ಹಾಕದ ಪಾಕಿಸ್ತಾನ ಸರ್ಕಾರದ ವಿರುದ್ಧ ಜಾರಿ ಮಾಡಲು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2010ರಲ್ಲಿ ಒಪ್ಪಲಿಲ್ಲ. ಮರುವರ್ಷ ಪ್ಯಾರಿಸ್ ಮೇಲ್ಮನವಿ ನ್ಯಾಯಾಲಯ ಅದೇ ಐತೀರ್ಪನ್ನು ರದ್ದುಪಡಿಸಲು ನಿರಾಕರಿಸಿತು. ಎರಡೂ ನ್ಯಾಯಾಲಯಗಳು ಅನ್ವಯಿಸಿದ್ದಾಗಿ ಹೇಳಿದ್ದು ಫ್ರೆಂಚ್ ಕಾನೂನನ್ನೇ. ಮಾಲೀಕರ ಮಾತೃಸಂಸ್ಥೆ ಮುಖ್ಯ ಕರಾರಿಗೆ ಸಹಿ ಹಾಕಿಲ್ಲವಾದ್ದರಿಂದ ಈ ಪ್ರಕರಣವನ್ನು ನಿಮ್ಮ ವಕೀಲರೊಂದಿಗೆ ಕೂತು ಓದಿ.

ಮಧ್ಯಸ್ಥಿಕೆಯ ಇತ್ಯರ್ಥಕ್ಕೆ ಸಿಂಗಪುರ ಒಡಂಬಡಿಕೆಯಿದೆ. 2019ರ ಆಗಸ್ಟ್ 7ರಂದು ಒಂದೇ ದಿನ 46 ದೇಶಗಳು ಸಹಿ ಹಾಕಿದವು, 2020ರ ಸೆಪ್ಟೆಂಬರ್ 12ರಂದು ಅದು ಜಾರಿಗೆ ಬಂತು. ಸಹಿ ಹಾಕಿದವರೆಲ್ಲ ಅನುಮೋದಿಸಿಲ್ಲ. ನ್ಯೂಯಾರ್ಕ್ ಒಡಂಬಡಿಕೆಯ ಹರವು ಇದಕ್ಕಿನ್ನೂ ಬಂದಿಲ್ಲ. ಆದ್ದರಿಂದ ನಾಲ್ಕು ದೇಶಗಳಲ್ಲಿ ಆಸ್ತಿ ಹುಡುಕಬೇಕಾದ ನಿಮ್ಮಂಥವರಿಗೆ ಸಮ್ಮತಿಯ ಐತೀರ್ಪು ಹೆಚ್ಚು ಭದ್ರ. ಆದರೆ 1985ರ ಮಾದರಿ ಕಾನೂನಿನ 30ನೇ ವಿಧಿ ಹೇಳುವುದು ಆರ್ಬಿಟ್ರೇಷನ್ ನಡೆಯುತ್ತಿರುವಾಗ ಆದ ಇತ್ಯರ್ಥದ ಬಗ್ಗೆ. ಮೊದಲು ರಾಜಿಯಾಗಿ, ಆಮೇಲೆ ಅದಕ್ಕೆ ಮುದ್ರೆಯೊತ್ತಿಸಲೆಂದೇ ಮಂಡಳಿ ರಚಿಸಿದರೆ, ಬಗೆಹರಿಸಲು ವ್ಯಾಜ್ಯವೇ ಉಳಿದಿರಲಿಲ್ಲ ಎಂಬ ಆಕ್ಷೇಪ ಬರಬಹುದು. ಆರ್ಬಿಟ್ರೇಷನ್ ನೋಟಿಸನ್ನು ಮಧ್ಯಸ್ಥಿಕೆ ಮುಗಿಯುವ ಮುನ್ನವೇ ಕೊಡಲು ನಿಮ್ಮ ಕಲಂ ಅಡ್ಡಿಯಾದರೆ, ಮೊದಲ ಸಭೆಯಲ್ಲಿ ಆ ಮೆಟ್ಟಿಲನ್ನು ಲಿಖಿತವಾಗಿ ಸಡಿಲಿಸಿಕೊಳ್ಳಿ. ಕಾಲಮಿತಿಯ ಒಪ್ಪಂದಕ್ಕೂ ಖಾತರಿಯ ವಿಸ್ತರಣೆಗೂ ಸಹಿ ಬೀಳುವ ಅದೇ ಕಾಗದದಲ್ಲಿ ಇದಕ್ಕೂ ಒಂದು ಸಾಲು ಸಾಕು.