ಮೈಸೂರಿನಲ್ಲಿ ಮೊದಲ ವರ್ಷ: ಹಾಸ್ಟೆಲ್ಲಾ, ಪಿಜಿನಾ?

ಸಿಂಧನೂರಿನ ತಂದೆ:
ಮಗನಿಗೆ ಸಿಇಟಿಯಲ್ಲಿ, ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಕೋಟಾದಡಿ ಮೈಸೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಕಾಲೇಜು ಹಾಸ್ಟೆಲ್‌ನವರು ವರ್ಷದ ದುಡ್ಡು ಒಂದೇ ಸಲ ಕಟ್ಟಿ ಅನ್ನುತ್ತಾರೆ. ಪಿಜಿಯಾದರೆ ತಿಂಗಳ ಲೆಕ್ಕ. ಅವನು ಮನೆ ಬಿಟ್ಟು ಇದ್ದವನಲ್ಲ. ಇದ್ದು ಬಂದವರು ಹೇಳ್ರಿ.

ಹಾಸನದವನು, ಈಗ ಕೆಲಸದಲ್ಲಿದ್ದೇನೆ:
ಸರ್, ಮೊದಲ ವರ್ಷ ಕಾಲೇಜು ಹಾಸ್ಟೆಲ್ಲೇ ಇರಲಿ. ಇಂಟರ್ನಲ್ಸ್ ಹಿಂದಿನ ರಾತ್ರಿ ಮ್ಯಾಥ್ಸ್ ಹೇಳಿಕೊಡಲು ಪಕ್ಕದ ರೂಮಿನಲ್ಲೇ ಯಾರಾದರೂ ಸಿಗುತ್ತಾರೆ. ಆದರೆ ಬಿಸಿನೀರು ವಿಚಾರಿಸಿ. ನಮ್ಮ ಬ್ಲಾಕ್‌ನಲ್ಲಿ ಸೋಲಾರ್ ನೀರು ಏಳು ಗಂಟೆಗೆಲ್ಲ ಖಾಲಿ. ಮೋಡ ಕವಿದ ದಿನ ಆರಕ್ಕೆ ಎದ್ದರೂ ತಣ್ಣೀರೇ. ಕಾಯಿಲ್ ಇಟ್ಟುಕೊಂಡರೆ ವಾರ್ಡನ್ ಬಂದು ಎತ್ತಿಕೊಂಡು ಹೋಗುತ್ತಿದ್ದರು. ಆಫೀಸಿನಲ್ಲಿ ಕೇಳಿದರೆ ‘24 ಗಂಟೆ ನೀರು’ ಅಂತಾರೆ. ಬಕೆಟ್ ಹಿಡಿದು ನಿಂತ ಹುಡುಗರನ್ನು ಕೇಳಿ.

ಕಲಬುರಗಿಯಿಂದ ಹೋಗಿ ಓದಿದವಳು:
ಊಟ ನೋಡ್ರಿ ಅಣ್ಣಾರೆ. ಅಲ್ಲಿ ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ ಸಾರು. ನಡುವೆ ಒಂದು ದಿನ ಮುದ್ದೆ ಮಾಡಿದರೆ ಮಂಡ್ಯದ ಹುಡುಗಿಯರಿಗೆ ಹಬ್ಬ, ನನಗೆ ನುಂಗೋದೇ ಕಷ್ಟ. ಜೋಳದ ರೊಟ್ಟಿ ಕೇಳಲೇಬೇಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಆಗಬೇಕು, ಇರುವೆ ಜಾಸ್ತಿ.

ಇನ್ನೊಂದು, ಯಾರೂ ಹೇಳಲ್ಲ. ಶನಿವಾರ ಸುತ್ತಮುತ್ತಲ ಊರಿನವರೆಲ್ಲ ಬ್ಯಾಗು ಹಾಕಿಕೊಂಡು ಹೊರಟುಬಿಡುತ್ತಾರೆ. ನಮ್ಮ ಕಡೆಯವರಿಗೆ ಬಸವ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಪ್ರಯಾಣ, ವಾರಕ್ಕೊಮ್ಮೆ ಆಗುವ ಮಾತಲ್ಲ. ಭಾನುವಾರ ಮಧ್ಯಾಹ್ನ ಸ್ವೀಟ್ ಹಾಕಿ, ರಾತ್ರಿ ಮೆಸ್ ಮುಚ್ಚುತ್ತಿದ್ದರು. ಖಾಲಿ ಕಾರಿಡಾರು, ಹೊಟ್ಟೆ ಹಸಿವು. ಊರು ಜಾಸ್ತಿ ನೆನಪಾಗುತ್ತಿದ್ದದ್ದು ಆಗಲೇ. ಭಾನುವಾರ ರಾತ್ರಿ ಊಟ ಉಂಟಾ ಅಂತ ಕೇಳಿಯೇ ದುಡ್ಡು ಕಟ್ಟಿ.

ಸರಸ್ವತಿಪುರಂ ಪಿಜಿಯಲ್ಲಿದ್ದವನು:
ಮೇಲಿನ ಹಾಸನದ ಗೆಳೆಯರ ಮಾತು ಪೂರ್ತಿ ಒಪ್ಪಲ್ಲ. ಲ್ಯಾಬ್ ರೆಕಾರ್ಡ್ ಬರೆಯುತ್ತಾ ಕೂರುವವನಿಗೆ ಹಾಸ್ಟೆಲ್ ಗಲಾಟೆ ಆಗಿಬರಲ್ಲ. ಪಿಜಿ ಹಿಡಿಸದಿದ್ದರೆ ಮುಂದಿನ ತಿಂಗಳೇ ಬಿಡಬಹುದು. ಆದರೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮುಂಚೆ ಹೇಳಬೇಕು ಅನ್ನೋದನ್ನ ಮೊದಲೇ ಬರೆಸಿಕೊಳ್ಳಿ. ನಮ್ಮ ಓನರ್ ‘ಪೇಂಟಿಂಗ್’ ಅಂತ ಒಂದಷ್ಟು ಮುರಿದುಕೊಂಡರು. ಗೋಡೆಗೆ ಇವತ್ತಿಗೂ ಬಣ್ಣ ಕಂಡಿಲ್ಲ!

ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್‌ನಲ್ಲಿ ಓದಿದವನು:
ಇಬ್ಬರೂ ದುಡ್ಡಿನ ದಾರಿಯನ್ನೇ ಹೇಳಿದಿರಿ. ಸರ್, ನೀವು ಹಿಂದುಳಿದ ವರ್ಗದವರಾಗಿದ್ದು ಆದಾಯ ಮಿತಿಯೊಳಗಿದ್ದರೆ ಸರ್ಕಾರದ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಎಸ್‌ಸಿ, ಎಸ್‌ಟಿಯವರಿಗೆ ಬೇರೆ ಹಾಸ್ಟೆಲ್‌ಗಳಿವೆ. ಊಟ, ವಸತಿ ಎರಡೂ ಉಚಿತ. ಅರ್ಜಿ ಆನ್‌ಲೈನ್. ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಇವತ್ತೇ ನಾಡಕಚೇರಿಗೆ ಹೋಗಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಸಹಾಯಧನ ಇದೆ. 2013ರಲ್ಲಿ ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುತ್ತಿದ್ದರು. ಪಿಜಿ ಬಾಡಿಗೆ ಪೂರ್ತಿ ಹುಟ್ಟಲ್ಲ, ಕೈಖರ್ಚು ತೂಗುತ್ತೆ. ಸರ್ಕಾರಿ ಹಾಸ್ಟೆಲ್ ಸೀಟು ಹಂಚಿಕೆ ತಡವಾಗಬಹುದು, ಅಲ್ಲಿವರೆಗೆ ಪಿಜಿಯಲ್ಲಿರಲಿ. ಅದಕ್ಕೇ ಹೇಳೋದು, ಅಲ್ಲಿ ಇಲ್ಲಿ ವರ್ಷದ ದುಡ್ಡು ಮೊದಲೇ ಕಟ್ಟಿ ಸಿಕ್ಕಿಕೊಳ್ಳಬೇಡಿ.

ಲೆಕ್ಚರರ್ ಒಬ್ಬರು:
ರ‍್ಯಾಗಿಂಗ್ ಭಯವಿದ್ದರೆ ಒಂದು ಮಾತು. ಯುಜಿಸಿಯ 2009ರ ನಿಯಮದ ಪ್ರಕಾರ ಮೊದಲ ವರ್ಷದವರನ್ನು ಆದಷ್ಟೂ ಬೇರೆ ಬ್ಲಾಕ್‌ನಲ್ಲಿ ಇಡಬೇಕು. ಹಾಗಿದೆಯಾ ಅಂತ ಕಣ್ಣಾರೆ ನೋಡಿ ಬನ್ನಿ. ಸಂಜೆ ಏಳರ ಮೇಲೆ ಹೋಗಿ, ಹುಡುಗರೆಲ್ಲ ಇರುತ್ತಾರೆ. ಸಹಾಯವಾಣಿ 1800-180-5522, ಮಗನ ಫೋನಿನಲ್ಲಿ ಹಾಕಿಕೊಡಿ.

ಸಿಂಧನೂರಿನ ತಂದೆ:
ಎಲ್ಲರಿಗೂ ಶರಣು. ಆರ್‌ಡಿ ನಂಬರ್ ಇದೆ, ಅರ್ಜಿ ಹಾಕುತ್ತೇವೆ. ಸದ್ಯಕ್ಕೆ ಪಿಜಿ. ಭಾನುವಾರ ರಾತ್ರಿ ಊಟ ಹಾಕುವ ಪಿಜಿ ಸರಸ್ವತಿಪುರಂ ಕಡೆ ಇದ್ದರೆ ತಿಳಿಸ್ರಿ.