ಪೈನ್ ಕಾಡಿನಲ್ಲಿ ಹಕ್ಕಿ ನೋಡಿದವರು ತಿಳಿಸಿ

ಬೀದರ್‌ನಿಂದ ಪ್ರಶ್ನೆ: ಯುಗಾದಿ ಮುಗಿಸಿಕೊಂಡು ಏಪ್ರಿಲ್ ಮಧ್ಯದಲ್ಲಿ ಮನೆಯವರೊಂದಿಗೆ ಉತ್ತರಾಖಂಡದ ಅಲ್ಮೋರಾ, ಬಿನ್ಸರ್ ಕಡೆಗೆ ಹೊರಟಿದ್ದೇನೆ. ಇದುವರೆಗೆ ಕೆರೆ ದಂಡೆ, ಹೊಲಗಳಲ್ಲಷ್ಟೇ ಹಕ್ಕಿ ನೋಡಿದ ನನಗೆ ಪೈನ್ ಕಾಡಿನ ಬಗ್ಗೆ ಅನುಭವವಿದ್ದವರು ಸಲಹೆ ನೀಡಬೇಕು.

ಚಿಂಚೋಳಿಯಿಂದ: ಶರಣು ಸರ್. ನಾನು ಅದೇ ತಿಂಗಳಲ್ಲಿ ಹೋಗಿದ್ದೆ. ನಮ್ಮ ಚಿಂಚೋಳಿ ಕಾಡಿನಲ್ಲಿ ಬೇಸಿಗೆಗೆ ಎಲೆಯುದುರಿ ಕೊಂಬೆಗಳು ಬೋಳಾಗುವುದರಿಂದ, ನೀರಿನ ಬಳಿ ಒಂದು ತಾಸು ಸುಮ್ಮನೆ ಕುಳಿತರೆ ಹಕ್ಕಿಗಳೇ ಕಣ್ಣೆದುರಿಗೆ ಬರುತ್ತವೆ. ಆ ರೂಢಿಯನ್ನೇ ನಂಬಿ ಅಪ್ಪಟ ಚಿರ್ ಪೈನ್ ತೋಪಿನ ನಡುವೆ ಕುಳಿತ ನನಗೆ ಮೊದಲ ದಿನ ಗಾಳಿಯ ಸದ್ದಷ್ಟೇ ದಕ್ಕಿತು. ಉದುರಿದ ಸೂಜಿಯೆಲೆ ನೆಲದ ಮೇಲೆ ದಪ್ಪನಾಗಿ ಹಾಸಿಕೊಳ್ಳುವುದರಿಂದ ಅಲ್ಲಿ ಪೊದೆಗಳು ಕಡಿಮೆ, ಇರುವ ಹಕ್ಕಿಗಳೂ ಹೆಚ್ಚಾಗಿ ಮರದ ತುದಿಯಲ್ಲಿರುತ್ತವೆ. ಮರುದಿನ, ಸುಮಾರು 2,000 ಮೀಟರ್ ಎತ್ತರದಲ್ಲಿ ಪೈನ್ ಮುಗಿದು ಓಕ್ ಮತ್ತು ಕೆಂಪು ಹೂವಿನ ಬುರಾಂಸ್ ಮರಗಳು ಶುರುವಾಗುವ ಅಂಚಿಗೆ ಹೋದೆ. ಅಲ್ಲಿ ಕಥೆಯೇ ಬೇರೆ: ಕಣಿವೆಯಾಚೆಯಿಂದ ದೊಡ್ಡ ಕುಟ್ರುಹಕ್ಕಿಯ ಗೋಳಿನಂಥ ಕೂಗು, ಕರಿತಲೆಯ ಜೇ ಹಕ್ಕಿಗಳ ಜಗಳ, ಮರಕುಟಿಗಗಳು. ಒಣ ಮರದ ತುದಿಯಲ್ಲಿ ಹಸಿರುನೀಲಿ ವರ್ಡಿಟರ್ ನೊಣಹಿಡುಕ ಹಾಡುತ್ತಿತ್ತು; ಚಳಿಗಾಲದಲ್ಲಿ ದಕ್ಷಿಣಕ್ಕೆ ಬರುವ ಈ ಹಕ್ಕಿ ವಸಂತದಲ್ಲಿ ಗೂಡು ಕಟ್ಟಲು ಹಿಮಾಲಯಕ್ಕೆ ಮರಳುತ್ತದೆ.

ಪೈನ್ ಮರದಲ್ಲಿ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ತೊಗಟೆಯ ಚಕ್ಕೆಯೊಂದು ಸೂಜಿಯೆಲೆಗಳ ಮೇಲೆ ಚಿಟ್ಟೆಂದು ಬಿದ್ದಾಗ ಕತ್ತೆತ್ತಿದೆ. ಕಂದುಗೆಂಪು ಹೊಟ್ಟೆಯ ನಟ್‌ಹ್ಯಾಚ್ ತಲೆಕೆಳಗಾಗಿ ಕಾಂಡವನ್ನಿಳಿಯುತ್ತ, ತೊಗಟೆಯ ಬಿರುಕಿಗೆ ಕೊಕ್ಕು ತುರುಕಿ ಚಕ್ಕೆ ಕೀಳುತ್ತಿತ್ತು.

ಯಾದಗಿರಿಯಿಂದ: ಹಿಂದಿನವರ ಮಾತು ನಿಜ. ಆದರೆ ಬೂಟಿನ ಬಗ್ಗೆ ಅವರು ಹೇಳಲಿಲ್ಲ. ಒಣ ಸೂಜಿಯೆಲೆ ಎಣ್ಣೆ ಸವರಿದ ಕಲ್ಲಿನಂತೆ ಜಾರುತ್ತದೆ. ತಲೆಯೆತ್ತಿ ನಡೆಯುತ್ತಿದ್ದ ನಾನು ಇಳಿಜಾರಿನಲ್ಲಿ ಬಿದ್ದು ಎರಡು ದಿನ ಕುಂಟಿದೆ. ನಿಂತೇ ದುರ್ಬೀನು ಹಿಡಿಯಿರಿ. ಅದು ಕಾಡ್ಗಿಚ್ಚಿನ ಕಾಲವೂ ಹೌದು, 2024ರ ಜೂನ್‌ನಲ್ಲಿ ಬಿನ್ಸರ್‌ನಲ್ಲಿ ಬೆಂಕಿಗೆ ಅರಣ್ಯ ಸಿಬ್ಬಂದಿಯೇ ಬಲಿಯಾದರು. ಆದ್ದರಿಂದ ಪ್ರತಿ ಬೆಳಿಗ್ಗೆ ದಾರಿ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಬೇಕು.

ಕಲಬುರಗಿಯಿಂದ: 8×42 ದುರ್ಬೀನು (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು. ಗೂಡಿನ ಕಾಲವಾದ್ದರಿಂದ ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಬೇಡ. ನಮ್ಮಲ್ಲಿ ನಲವತ್ತು ಡಿಗ್ರಿ ಇದೆಯೆಂದು ಸ್ವೆಟರ್ ಬಿಟ್ಟು ಹೋಗಬೇಡಿ, ಅಲ್ಲಿ ಮುಂಜಾನೆ ಚಳಿಯಿರುತ್ತದೆ. ಇನ್ನೊಂದು, ಕುಳಿತುಕೊಳ್ಳುವ ಮೊದಲು ದಿಮ್ಮಿಯನ್ನು ಮುಟ್ಟಿ ನೋಡಿ. ಪ್ಯಾಂಟಿಗೆ ಅಂಟಿದ ಪೈನ್ ರಾಳ ಸಾಬೂನಿಗೆ ಜಗ್ಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಬೇಕು.