ಕುದುರೆ ನಿಲುವಿನಲ್ಲಿ ಮಂಡಿ ನೋಯುತ್ತಿದೆ. ಹೀಗೆ ನಿಂತರೆ ಏಟು ತಪ್ಪಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಕಾರವಾರದಿಂದ):
ನಮಸ್ಕಾರ ಮಾಸ್ಟರ್. ನನಗೆ 36 ವರ್ಷ. ಕುಂಗ್‌ಫು ಕ್ಲಾಸಿಗೆ ಸೇರಿ ಮೂರು ವಾರ ಆಯಿತು. ಇಲ್ಲಿಯವರೆಗೆ ಕಲಿಸಿದ್ದು ಕುದುರೆ ನಿಲುವು ಒಂದೇ, ಅಂದರೆ ಕುದುರೆ ಮೇಲೆ ಕೂತ ಹಾಗೆ ಕಾಲು ಅಗಲಿಸಿ ಮಂಡಿ ಬಾಗಿಸಿ ನಿಲ್ಲುವುದು. ಬೆಳಿಗ್ಗೆ ಟ್ಯಾಗೋರ್ ಬೀಚಿನ ಮರಳಿನಲ್ಲೂ ಅಭ್ಯಾಸ ಮಾಡುತ್ತೇನೆ. ಈಗ ಬಲ ಮಂಡಿಯ ಒಳಬದಿ ನೋಯುತ್ತಿದೆ. ಇನ್ನೊಂದು ಸಂಶಯ. ಯಾರಾದರೂ ಹೊಡೆಯಲು ಬಂದಾಗ ಹೀಗೆ ಕಾಲು ಅಗಲಿಸಿ ನಿಂತರೆ ಏನು ಉಪಯೋಗ?

ಉತ್ತರ (ತರಬೇತುದಾರ, ಶಿರಸಿ):
ಮೊದಲು ಮಂಡಿಯ ವಿಷಯ. ತೊಡೆ ಉರಿದರೆ, ನಡುಗಿದರೆ ಹೆದರಬೇಡಿ. ಆದರೆ ಕೀಲಿನೊಳಗೆ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಊತ ಇದ್ದರೆ, ಅಥವಾ ಮಂಡಿ ಹಿಡಿದುಕೊಂಡ ಹಾಗೆ ಆಗುತ್ತಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ, ಆಮೇಲೆ ಅಭ್ಯಾಸ.

ಒಳಬದಿ ನೋಯುವವರನ್ನು ನಿಲ್ಲಿಸಿ ನೋಡಿದರೆ ಹೆಚ್ಚಾಗಿ ಒಂದೇ ತಪ್ಪು ಕಾಣುತ್ತದೆ. ಪಾದ ಹೊರಗೆ ತಿರುಗಿರುತ್ತದೆ, ಮಂಡಿ ಒಳಗೆ ವಾಲಿರುತ್ತದೆ. ಕನ್ನಡಿ ಮುಂದೆ ನಿಂತು ನೋಡಿ. ಪಾದ ಎತ್ತ ಇದೆಯೋ ಮಂಡಿಯೂ ಅತ್ತಲೇ ಇರಬೇಕು. ಬೆನ್ನು ನೇರ ಇರಲಿ. ತೊಡೆ ನೆಲಕ್ಕೆ ಸಮ ಆಗುವಷ್ಟು ಕೂರಬೇಕೆಂದು ಈಗಲೇ ಹಟ ಬೇಡ. ಮಂಡಿ ಸ್ವಲ್ಪವೇ ಬಾಗಿಸಿ ಎತ್ತರದಲ್ಲೇ ನಿಲ್ಲಿ. 20 ಸೆಕೆಂಡ್, ಮಧ್ಯೆ ಓಡಾಡಿ, ಮತ್ತೆ 20, ಹೀಗೆ ಮೂರು ಸಲ ಸಾಕು. ನೋವು ಹೋದ ಮೇಲೆ ವಾರಕ್ಕೆ ಐದು ಸೆಕೆಂಡ್ ಸೇರಿಸಿ.

ಒಣ ಮರಳಲ್ಲಿ ನಿಲ್ಲಬೇಡಿ. ಪಾದ ಒಂದೊಂದು ಕಡೆ ಕುಸಿದು ಮಂಡಿ ತಿರುಚುತ್ತದೆ. ನೀರು ಇಳಿದ ಮೇಲೆ ಸಿಗುವ ಗಟ್ಟಿ ಹಸಿ ಮರಳು ಆಗಬಹುದು. ಅಲ್ಲಿಯೂ ಸಮುದ್ರಕ್ಕೆ ಮುಖ ಮಾಡಿ ನಿಲ್ಲಿ. ದಂಡೆ ನೀರಿನ ಕಡೆ ಇಳಿಜಾರು ಅಲ್ವಾ, ಅಡ್ಡ ನಿಂತರೆ ಒಂದು ಕಾಲು ತಗ್ಗಿಗೆ ಬೀಳುತ್ತದೆ.

ಈಗ ಎರಡನೆಯ ಪ್ರಶ್ನೆ. ಇದನ್ನು ನೀವು ಕೇಳಿದ್ದು ನನಗೆ ನಿಜಕ್ಕೂ ಖುಷಿ. ಕುದುರೆ ನಿಲುವಿನಲ್ಲಿ ನಿಂತು ಯಾರೂ ಹೊಡೆತ ಕಾಯುವುದಿಲ್ಲ. ಚೀನೀ ಭಾಷೆಯಲ್ಲಿ ಇದು ‘ಮಾ ಬು’. ‘ಮಾ’ ಅಂದರೆ ಕುದುರೆ, ‘ಬು’ ಅಂದರೆ ಹೆಜ್ಜೆ. ಹೆಸರಲ್ಲೇ ಹೆಜ್ಜೆ ಇದೆ ನೋಡಿ. ಒಂದು ನಿಲುವಿನಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ರಕ್ಷಣೆ ಇರುವುದು.

ಮನೆಯವರ ಹತ್ತಿರ ಮೆಲ್ಲಗೆ ತಳ್ಳಿಸಿ ನೋಡಿ. ಕುದುರೆ ನಿಲುವಿನಲ್ಲಿ ಪಕ್ಕದಿಂದ ಭುಜ ತಳ್ಳಿದರೆ ನೀವು ಅಲ್ಲಾಡುವುದಿಲ್ಲ. ಎದುರಿನಿಂದ ಎದೆ ತಳ್ಳಿದರೆ ಸುಲಭವಾಗಿ ಹಿಂದೆ ಹೋಗುತ್ತೀರಿ. ಕಾಲು ಪಕ್ಕಕ್ಕೆ ಹರಡಿದೆ, ಹಿಂದೆ ಆಧಾರ ಇಲ್ಲ. ಈಗ ಒಂದು ಕಾಲು ಮುಂದಿಟ್ಟು ಮಂಡಿ ಬಾಗಿಸಿ, ಹಿಂದಿನ ಕಾಲು ಉದ್ದಕ್ಕೆ ಚಾಚಿ. ಇದು ‘ಗೋಂಗ್ ಬು’, ಬಿಲ್ಲು ನಿಲುವು. ಭಾರ ಮುಂದಿನ ಕಾಲಿನ ಮೇಲೆ ಜಾಸ್ತಿ. ಎದುರಿನ ತಳ್ಳಾಟ ಹಿಂದಿನ ಕಾಲಿನ ಮೂಲಕ ನೆಲಕ್ಕೆ ಹೋಗುತ್ತದೆ.

ಮೂರನೆಯದು ‘ಶೂ ಬು’. ಬೆಕ್ಕಿನ ನಿಲುವು ಅಂತಲೂ ಕರೆಯುತ್ತಾರೆ. ಭಾರ ಹೆಚ್ಚುಕಮ್ಮಿ ಪೂರ್ತಿ ಹಿಂದಿನ ಕಾಲಿನ ಮೇಲೆ, ಮುಂದಿನ ಪಾದ ನೆಲ ಮುಟ್ಟಿ ಮುಟ್ಟದ ಹಾಗೆ. ಆ ಕಾಲು ಖಾಲಿ ಇರುವುದರಿಂದ ಒದೆಯಬಹುದು, ಹಿಂದೆ ಎಳೆಯಬಹುದು. ಏಟು ಬರುವಾಗ ಇದಕ್ಕೆ ಜಾರಿದರೆ ನಿಮ್ಮ ಎದೆ ಹೊಡೆಯುವವನ ಕೈಗೆ ಎಟುಕದಷ್ಟು ದೂರ ಹೋಗುತ್ತದೆ. ಅವನ ಏಟು ಮುಗಿದ ಕ್ಷಣದಲ್ಲಿ ಬಿಲ್ಲು ನಿಲುವಿಗೆ ಬರಬಹುದು. ಜಾಗ ಸಿಕ್ಕರೆ ಓಡಬಹುದು, ನಾನು ಅದನ್ನೇ ಹೇಳುತ್ತೇನೆ. ಮಂಡಿ ವಾಸಿಯಾದ ಮೇಲೆ ಮೂರನ್ನೂ ನಿಧಾನವಾಗಿ ಒಂದಾದ ಮೇಲೊಂದು ಮಾಡಿ.

ಪ್ರಶ್ನೆ (ಹೊನ್ನಾವರದಿಂದ):
ಸರ್, ನಾನು ಬಡಗುತಿಟ್ಟು ಯಕ್ಷಗಾನ ಕಲಿತವನು. ಆ ಹೆಜ್ಜೆ ಇಲ್ಲಿ ಉಪಯೋಗಕ್ಕೆ ಬರುತ್ತದಾ?

ಉತ್ತರ:
ತುಂಬಾ ಬರುತ್ತದೆ. ಅರ್ಧ ಕುಳಿತು ಕುಣಿಯುವ ತೊಡೆಯ ಶಕ್ತಿ, ದಿಕ್ಕು ತಟ್ಟನೆ ಬದಲಿಸುವುದು ನಿಮಗೆ ಆಗಲೇ ಇದೆ. ಒಂದನ್ನು ಮಾತ್ರ ಬಿಡಬೇಕು. ನಿಮ್ಮ ಕಾಲು ಚಂಡೆಯ ಪೆಟ್ಟಿಗೆ ಕಾಯುತ್ತದೆ, ಎದುರಿನವನು ತಾಳ ಕೊಡುವುದಿಲ್ಲ. ಜೊತೆಗಾರ ಮನಸ್ಸಿಗೆ ಬಂದಾಗ ಚಪ್ಪಾಳೆ ತಟ್ಟಲಿ, ಆಗ ಮಾತ್ರ ಹೆಜ್ಜೆ ಬದಲಿಸಿ. ಮಂಡಿ ಹಾಕಿ ಹಾಕಿ (ಮಂಡಿಯೂರಿ ತಿರುಗುವ ಕುಣಿತ) ಹಳೆಯ ನೋವು ಇದ್ದರೆ ನಿಮ್ಮ ಗುರುಗಳಿಗೆ ಮೊದಲೇ ತಿಳಿಸಿ.

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯಿಂದ):
ಮಗಳಿಗೆ 11 ವರ್ಷ. ಮಳೆಗಾಲದಲ್ಲಿ ಮನೆ ಅಂಗಳದಲ್ಲಿ ಮಾಡಬಹುದಾ?

ಉತ್ತರ:
ಬೇಡ ಅಕ್ಕಾ. ಪಾಚಿ ಕಟ್ಟಿದ ಅಂಗಳ, ಹಾಸಿದ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ), ಎರಡೂ ಜಾರುತ್ತವೆ. ಜಗುಲಿಯಲ್ಲಿ ಬರಿಗಾಲಲ್ಲಿ ಮಾಡಲಿ, ನೆಲ ಒಣಗಿರಲಿ. ಈ ವಯಸ್ಸಿಗೆ ಹೊತ್ತುಗಟ್ಟಲೆ ನಿಲ್ಲಿಸಬೇಡಿ. ಆಟದ ಹಾಗೆ ನಿಲುವು ಬದಲಿಸುತ್ತಾ ಇರಲಿ.

ಮೊದಲು ಕೇಳಿದವರು (ಕಾರವಾರ):
ತಮ್ಮನ ಹತ್ತಿರ ತಳ್ಳಿಸಿದೆ ಮಾಸ್ಟರ್. ನೀವು ಹೇಳಿದ ಹಾಗೇ ಆಯಿತು, ಎದುರಿನಿಂದ ತಳ್ಳಿದಾಗ ಎರಡು ಹೆಜ್ಜೆ ಹಿಂದೆ ಹೋದೆ. ಎತ್ತರದಲ್ಲಿ ನಿಂತರೆ ಮಂಡಿ ನೋಯುತ್ತಿಲ್ಲ. ಆದರೆ ಬೆಕ್ಕಿನ ನಿಲುವಿನಲ್ಲಿ ತೂರಾಡುತ್ತೇನೆ.

ಉತ್ತರ:
ಮುಂದಿನ ಪಾದ ತೀರಾ ದೂರ ಇಟ್ಟಿರಬೇಕು. ಹತ್ತಿರಕ್ಕೆ ತನ್ನಿ. ಮೊದಲ ಎರಡು ವಾರ ಒಂದು ಕೈ ಗೋಡೆಗೆ ತಾಗಿರಲಿ. ಗೋಡೆ ಬಿಟ್ಟು 15 ಸೆಕೆಂಡ್ ನಿಲ್ಲಲು ಬಂದ ದಿನ ಇಲ್ಲಿ ಬರೆಯಿರಿ, ಮುಂದಿನ ಹೆಜ್ಜೆ ಹೇಳುತ್ತೇನೆ.